ಬೊಂಬೆಮನೆಯ ಪಾಠ

ನಾಲ್ಕು ದಿನ ತವರಿಗೆ ಹೋಗಿ ಮನೆಗೆ ಮರಳಿದ ಗೃಹಿಣಿ ಹೊಸ್ತಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲೇ ಆ ನಾಲ್ಕು ದಿನಗಳ ಚರಿತ್ರೆಯನ್ನೆಲ್ಲ ಓದಿ ಮುಗಿಸಿರುತ್ತಾಳೆ. ಹಾಲು ಎಷ್ಟು ಸಲ ಉಕ್ಕಿತೆಂದು ಒಲೆಯ ಕಟ್ಟೆ ಹೇಳುತ್ತದೆ. ಹೋಟೆಲಿನ ಪೊಟ್ಟಣ ಎಷ್ಟು ಬಂತೆಂದು ಕಸದ ಬುಟ್ಟಿ ಹೇಳುತ್ತದೆ. ಬಚ್ಚಲಮನೆಯ ಹಗ್ಗದ ಮೇಲಿನ ಟವೆಲು, ದೇವರ ಮನೆಯ ಬಾಡಿದ ಹೂವು, ಉಪ್ಪಿನಕಾಯಿ ಭರಣಿಯ ಮುಚ್ಚಳ, ಒಂದೊಂದೂ ಒಂದೊಂದು ಸಾಕ್ಷಿ. "ಯಾರೋ ನೆಂಟರು ಬಂದಿದ್ದರಲ್ಲ?" ಎಂದು ಕೇಳಿದರೆ ಗಂಡ ಬೆರಗಾಗಿ ನೋಡುತ್ತಾನೆ. ಬಂದವರಿಗೆಂದೇ ಕಪಾಟಿನಲ್ಲಿ ಎತ್ತಿಟ್ಟ ಲೋಟಗಳನ್ನು ತೊಳೆದು ಬೋರಲು ಹಾಕಿರುವುದು ಅವನ ಕಣ್ಣಿಗೆ ಬಿದ್ದೇ ಇರುವುದಿಲ್ಲ. ಈ ಜಾಣತನಕ್ಕೆ ನಮ್ಮಲ್ಲಿ ವಿದ್ಯೆ ಎಂಬ ಹೆಸರಿಲ್ಲ. "ಹೆಂಗಸರ ಕಣ್ಣು" ಎಂದು ನಗೆಯಾಡಿ ಬಿಟ್ಟುಬಿಡುತ್ತೇವೆ.

ಈ ಕಣ್ಣನ್ನೇ ಒಂದು ವಿಶ್ವವಿದ್ಯಾಲಯದ ಪಾಠವನ್ನಾಗಿ ಮಾಡಿದ ಹೆಂಗಸೊಬ್ಬರು ಅಮೆರಿಕದಲ್ಲಿದ್ದರು. ಅವರ ಹೆಸರು ಫ್ರಾನ್ಸಿಸ್ ಗ್ಲೆಸ್ನರ್ ಲೀ. ಸ್ವತಃ ಕಾಲೇಜಿನ ಮೆಟ್ಟಿಲು ಹತ್ತದ ಈಕೆ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಅಪರಾಧ ಪತ್ತೆಗೆ ಬೇಕಾದ ಶಾಸ್ತ್ರದ ವಿಭಾಗವೊಂದು ನೆಲೆಯೂರುವಂತೆ ಮಾಡಿದರು. ಹೆಣಿಗೆ ಕಡ್ಡಿ ಹಿಡಿದ ಕೈಯಿಂದಲೇ ಪೊಲೀಸರಿಗೆ ಪಾಠದ ಸಾಮಗ್ರಿ ಸಿದ್ಧಪಡಿಸಿದರು.

ಈ ಕಥೆಯನ್ನು ನಾನು ಹುಡುಕಿಕೊಂಡು ಹೋದದ್ದು ನನ್ನ ತಂಗಿಯ ಮಗಳ ದೆಸೆಯಿಂದ. ರಸಾಯನಶಾಸ್ತ್ರ ತೆಗೆದುಕೊಂಡು ಬಿ.ಎಸ್ಸಿ. ಮುಗಿಸಿದ ಹುಡುಗಿ, ಮುಂದೆ ಫೊರೆನ್ಸಿಕ್ ಸೈನ್ಸ್ ಓದುತ್ತೇನೆಂದು ಹಟ ಹಿಡಿದಳು. ಮನೆಯಲ್ಲಿ ಎಲ್ಲರ ಮುಖ ಬಾಡಿತು. ಅವಳ ಸೋದರತ್ತೆಯಂತೂ, "ಹೆಣ ಕುಯ್ಯೋದನ್ನ ಕಲಿತ ಹುಡುಗೀನ ಯಾರು ತಾನೇ ಮನೆ ತುಂಬಿಸ್ಕೋತಾರೆ?" ಎಂದು ನೇರವಾಗಿಯೇ ಕೇಳಿದರು. ಹುಡುಗಿ ನನ್ನ ಹತ್ತಿರ ಬಂದು, "ದೊಡ್ಡಮ್ಮ, ನೀವಾದರೂ ಹೇಳಿ" ಎಂದಳು. ಮೂವತ್ತು ವರ್ಷಕ್ಕೂ ಮಿಕ್ಕಿ ಕಾಲೇಜಿನಲ್ಲಿ ಚರಿತ್ರೆ ಪಾಠ ಮಾಡಿದವಳು ನಾನು. ಯಾವ ವಿಷಯದ ಬಗ್ಗೆ ಜಗಳವಾದರೂ ಅದು ಎಲ್ಲಿ ಹುಟ್ಟಿತು, ಯಾರು ಬೆಳೆಸಿದರು ಎಂದು ಮೊದಲು ನೋಡುವುದು ನನ್ನ ಅಭ್ಯಾಸ. ಹಾಗೆ ನೋಡುತ್ತ ಹೋದಾಗ ಈ ಅಜ್ಜಿ ಎದುರಾದರು.

ಫೊರೆನ್ಸಿಕ್ ಎಂಬುದಕ್ಕೆ ನಮ್ಮ ಸರ್ಕಾರ ಕೊಟ್ಟಿರುವ ಕನ್ನಡ ಹೆಸರು ವಿಧಿವಿಜ್ಞಾನ. ಬೆಂಗಳೂರಿನ ಮಡಿವಾಳದಲ್ಲಿರುವುದು ರಾಜ್ಯದ ವಿಧಿವಿಜ್ಞಾನ ಪ್ರಯೋಗಾಲಯ. ವಿಧಿ ಎಂದರೆ ಕಾನೂನು ಎಂಬ ಅರ್ಥದಲ್ಲಿ ಈ ಹೆಸರು ಬಂದದ್ದು. ಆದರೆ ನಮ್ಮ ಮನೆಗಳಲ್ಲಿ ಆ ಮಾತಿಗಿರುವ ಅರ್ಥವೇ ಬೇರೆ. ಎಳೆಯ ಸೊಸೆಯೊಬ್ಬಳು ತೀರಿಕೊಂಡರೆ, "ಏನು ಮಾಡೋದು, ವಿಧಿ" ಎನ್ನುತ್ತೇವೆ. ಒಂದು ವಿಧಿ ಮಾತು ಮುಗಿಸುತ್ತದೆ; ಇನ್ನೊಂದು ವಿಧಿ ಅಲ್ಲಿಂದಲೇ ಪ್ರಶ್ನೆ ಶುರುಮಾಡುತ್ತದೆ.

ಆ ಪ್ರಶ್ನೆ ಕೇಳುವುದರಲ್ಲಿ ಎರಡು ಬಗೆಯ ಕೆಲಸಗಳಿವೆ ಎಂಬುದನ್ನೂ ಇಲ್ಲಿ ಹೇಳಬೇಕು. ಶವದ ಮರಣೋತ್ತರ ಪರೀಕ್ಷೆ ಮಾಡುವುದು ವೈದ್ಯರು. ಅದಕ್ಕೆ ನ್ಯಾಯ ವೈದ್ಯಶಾಸ್ತ್ರ ಎನ್ನುತ್ತಾರೆ, ಎಂ.ಬಿ.ಬಿ.ಎಸ್. ಓದಿದವರಿಗೇ ಆ ದಾರಿ. ವಿಧಿವಿಜ್ಞಾನ ಓದಿದವರು ಕೆಲಸ ಮಾಡುವುದು ಪ್ರಯೋಗಾಲಯದಲ್ಲಿ ಮತ್ತು ಕೃತ್ಯ ನಡೆದ ಜಾಗದಲ್ಲಿ. ರಕ್ತದ ಕಲೆ, ವಿಷ, ಕೂದಲು, ಬೆರಳಚ್ಚು, ಕೈಬರಹ, ಗುಂಡು, ಡಿ.ಎನ್.ಎ., ಇವು ಅವರ ಪಾಠಗಳು. ಸೋದರತ್ತೆಗೆ ನಾನು ಮೊದಲು ಹೇಳಿದ್ದು ಇದನ್ನೇ. ಅವರು ಅರ್ಧ ಸಮಾಧಾನಗೊಂಡರು.

ಇನ್ನು ಫ್ರಾನ್ಸಿಸ್‌ರ ಕಥೆಗೆ ಬರೋಣ. ಆಕೆ ಹುಟ್ಟಿದ್ದು 1878ರಲ್ಲಿ, ಶಿಕಾಗೋ ನಗರದ ಸಿರಿವಂತರ ಮನೆಯಲ್ಲಿ. ತಂದೆ ಜಾನ್ ಗ್ಲೆಸ್ನರ್ ಬೇಸಾಯದ ಯಂತ್ರಗಳನ್ನು ತಯಾರಿಸುವ ದೊಡ್ಡ ಉದ್ಯಮದ ಪಾಲುದಾರರು. ಹುಡುಗಿಗೆ ಒಬ್ಬ ಅಣ್ಣ, ಜಾರ್ಜ್. ಇಬ್ಬರಿಗೂ ಮನೆಯಲ್ಲೇ ಉಪಾಧ್ಯಾಯರನ್ನು ಇಟ್ಟು ಪಾಠ ಹೇಳಿಸಿದರು. ಓದಿನಲ್ಲಿ ತಂಗಿ ಯಾವುದಕ್ಕೂ ಕಡಿಮೆ ಇರಲಿಲ್ಲ. ಆದರೆ ವಯಸ್ಸಿಗೆ ಬಂದಾಗ ಅಣ್ಣ ಹಾರ್ವರ್ಡಿಗೆ ಹೊರಟ, ತಂಗಿಗೆ ಮನೆ. ಹೊಲಿಗೆ, ಕಸೂತಿ, ಹೆಣಿಗೆ, ಮನೆವಾರ್ತೆ, ಅತಿಥಿ ಸತ್ಕಾರ, ಇವಿಷ್ಟು ಅವಳ ಪಠ್ಯ. ಶ್ರೀಮಂತರ ಮನೆಯಲ್ಲಾದರೂ ಹೆಣ್ಣಿನ ಕಥೆ ಇಷ್ಟೇ ನೋಡಿ.

1898ರಲ್ಲಿ ಬ್ಲೂಯೆಟ್ ಲೀ ಎಂಬ ಕಾನೂನು ಪ್ರಾಧ್ಯಾಪಕರೊಡನೆ ಮದುವೆಯಾಯಿತು. ಮೂರು ಮಕ್ಕಳಾದರು. ಸಂಸಾರ ಹೊಂದಲಿಲ್ಲ, 1914ರಲ್ಲಿ ವಿಚ್ಛೇದನವೂ ಆಯಿತು. ಇದರ ನಡುವೆ, 1913ರಲ್ಲಿ, ತಾಯಿಯ ಹುಟ್ಟುಹಬ್ಬಕ್ಕೆಂದು ಆಕೆ ಒಂದು ಉಡುಗೊರೆ ತಯಾರಿಸಿದರು. ಶಿಕಾಗೋ ನಗರದ ಪ್ರಸಿದ್ಧ ವಾದ್ಯವೃಂದವನ್ನು ತೊಂಬತ್ತು ಪುಟ್ಟ ಬೊಂಬೆಗಳಲ್ಲಿ ಮಾಡಿ ಕೂರಿಸಿದ್ದರು. ಒಬ್ಬೊಬ್ಬ ವಾದಕನಿಗೂ ಅವನದೇ ವಾದ್ಯ, ಅವನದೇ ಉಡುಪು. ನವರಾತ್ರಿಯಲ್ಲಿ ಬೊಂಬೆ ಕೂರಿಸುವ ನಮಗೆ ಆ ಕೆಲಸದ ಸೊಗಸೂ ಗೊತ್ತು, ಬೆನ್ನುನೋವೂ ಗೊತ್ತು. ನೋಡಿದವರೆಲ್ಲ ಎಷ್ಟು ಚೆಂದದ ಹವ್ಯಾಸ ಎಂದಿರಬೇಕು. ಆ ಕೈಗಳು ಮುಂದೆ ಏನು ಮಾಡಲಿವೆ ಎಂಬುದು ಆಗ ಆಕೆಗೂ ಗೊತ್ತಿರಲಿಲ್ಲ.

ಅಣ್ಣನ ಹಾರ್ವರ್ಡ್ ಗೆಳೆಯರಲ್ಲಿ ಜಾರ್ಜ್ ಬರ್ಜೆಸ್ ಮೆಗ್ರಾತ್ ಎಂಬೊಬ್ಬ ವೈದ್ಯರಿದ್ದರು. ಬಾಸ್ಟನ್ ನಗರದಲ್ಲಿ ಅನುಮಾನಾಸ್ಪದ ಸಾವುಗಳನ್ನು ಪರೀಕ್ಷಿಸುವುದು ಅವರ ಕೆಲಸ. 1929ರಲ್ಲಿ ಇಬ್ಬರೂ ಬಾಸ್ಟನ್ನಿನ ಒಂದೇ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುತ್ತಿದ್ದಾಗ ದಿನಗಟ್ಟಲೆ ಮಾತಾಡುವ ಅವಕಾಶ ಸಿಕ್ಕಿತು. ಮೆಗ್ರಾತ್ ತಾವು ಕಂಡ ಪ್ರಕರಣಗಳನ್ನು ಹೇಳುತ್ತ ಹೋದರು. ಅವರ ಮಾತಿನಲ್ಲಿ ಕುತೂಹಲಕ್ಕಿಂತ ಹೆಚ್ಚಾಗಿ ಕೊರಗಿತ್ತು.

ಆ ಕಾಲದ ಅಮೆರಿಕದಲ್ಲಿ ಅನುಮಾನದ ಸಾವಿನ ಕಾರಣವನ್ನು ನಿರ್ಧರಿಸುವ ಅಧಿಕಾರಿಗೆ ಕೊರೊನರ್ ಎಂದು ಹೆಸರು. ಬಹಳ ಕಡೆಗಳಲ್ಲಿ ಅವನು ಚುನಾವಣೆಯಲ್ಲಿ ಗೆದ್ದು ಬಂದವನು. ವೈದ್ಯನಾಗಿರಬೇಕೆಂಬ ನಿಯಮವಿರಲಿಲ್ಲ. ಓಟು ಹಾಕಿಸಿಕೊಳ್ಳಬಲ್ಲ ಯಾರು ಬೇಕಾದರೂ ಹೆಣದ ಮುಂದೆ ನಿಂತು ಇದು ಕೊಲೆ, ಇದು ಆತ್ಮಹತ್ಯೆ, ಇದು ಅಪಘಾತ ಎಂದು ಬರೆದು ಸಹಿ ಹಾಕಬಹುದಾಗಿತ್ತು. ಮ್ಯಾಸಚೂಸೆಟ್ಸ್ ರಾಜ್ಯ ಮಾತ್ರ 1877ರಲ್ಲೇ ಈ ಪದ್ಧತಿಯನ್ನು ತೆಗೆದುಹಾಕಿ ವೈದ್ಯರನ್ನು ನೇಮಿಸಿತ್ತು. ಆದರೆ ವೈದ್ಯರಿದ್ದರೆ ಸಾಕೆ? ಅವರಿಗೆ ಈ ಕೆಲಸವನ್ನು ಕಲಿಸುವ ಶಾಲೆ ಬೇಕಲ್ಲ! ಮೆಗ್ರಾತ್ ಬರುವ ಮೊದಲೇ ಪೊಲೀಸರು ಹೆಣವನ್ನು ಸರಿಸಿರುತ್ತಿದ್ದರು, ರಕ್ತದ ಮೇಲೆ ನಡೆದಾಡಿರುತ್ತಿದ್ದರು, ಬಟ್ಟೆಯ ತೂತಿನೊಳಗೆ ಬೆರಳು ತೂರಿಸಿ ನೋಡಿರುತ್ತಿದ್ದರು. ಒರೆಸಿಹೋದ ಸಾಕ್ಷ್ಯವನ್ನು ಯಾವ ವೈದ್ಯ ತಾನೇ ಮರಳಿ ತರಬಲ್ಲ?

ಐವತ್ತು ದಾಟಿದ್ದ ಫ್ರಾನ್ಸಿಸ್‌ಗೆ ಜೀವನದಲ್ಲಿ ಮೊದಲ ಬಾರಿಗೆ ತನ್ನದೆನ್ನುವ ಕೆಲಸ ಸಿಕ್ಕಿತು. ವಿಶ್ವವಿದ್ಯಾಲಯದಲ್ಲಿ ಈ ಶಾಸ್ತ್ರದ ಪಾಠವೆಂಬುದು ಜಗತ್ತಿಗೆ ತೀರ ಹೊಸದೇನೂ ಆಗಿರಲಿಲ್ಲ. ಸ್ವಿಟ್ಜರ್ಲೆಂಡಿನ ಲೊಸಾನ್ ವಿಶ್ವವಿದ್ಯಾಲಯದಲ್ಲಿ 1909ರಲ್ಲೇ ರೀಸ್ ಎಂಬ ಪ್ರಾಧ್ಯಾಪಕರು ಇಂಥ ಶಾಲೆ ತೆರೆದಿದ್ದರು. ಫ್ರಾನ್ಸಿನ ಲಿಯೊನ್ ನಗರದಲ್ಲಿ ಎಡ್ಮಂಡ್ ಲೊಕಾರ್ಡ್ 1910ರಲ್ಲಿ ಪೊಲೀಸ್ ಪ್ರಯೋಗಾಲಯ ಆರಂಭಿಸಿದ್ದರು. ಒಂದು ವಸ್ತು ಇನ್ನೊಂದನ್ನು ತಾಗಿದರೆ ಇದರದು ಅದಕ್ಕೆ, ಅದರದು ಇದಕ್ಕೆ ಸ್ವಲ್ಪವಾದರೂ ಅಂಟಿಯೇ ಅಂಟುತ್ತದೆ ಎಂಬುದು ಲೊಕಾರ್ಡರ ತತ್ವ. ಅರಿಶಿನದ ಕೈಯಲ್ಲಿ ಬಾಗಿಲು ಮುಟ್ಟಿದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅಮೆರಿಕದಲ್ಲಿ ಈ ಓದಿಗೆ ಭದ್ರವಾದ ನೆಲೆಯಿರಲಿಲ್ಲ.

1931ರಲ್ಲಿ ಆಕೆ ಹಣ ಕೊಟ್ಟು ಹಾರ್ವರ್ಡಿನ ವೈದ್ಯಕೀಯ ಶಾಲೆಯಲ್ಲಿ ನ್ಯಾಯ ವೈದ್ಯಶಾಸ್ತ್ರದ ಪ್ರಾಧ್ಯಾಪಕ ಪೀಠ ಸ್ಥಾಪಿಸಿದರು. ಮೆಗ್ರಾತ್ ಅದರಲ್ಲಿ ಕುಳಿತರು. 1934ರಲ್ಲಿ ತಾವು ಸಂಗ್ರಹಿಸಿದ ಸುಮಾರು ಸಾವಿರ ಗ್ರಂಥಗಳನ್ನು ಕೊಟ್ಟು ಮೆಗ್ರಾತರ ಹೆಸರಿನಲ್ಲೇ ಗ್ರಂಥಾಲಯ ಮಾಡಿಸಿದರು. 1936ರಲ್ಲಿ ಎರಡೂವರೆ ಲಕ್ಷ ಡಾಲರ್ ದತ್ತಿ ಇಟ್ಟರು. ಮೆಗ್ರಾತರ ನಂತರ ಆ ಪೀಠಕ್ಕೆ ಅಲನ್ ಮೊರಿಟ್ಜ್ ಎಂಬ ತರುಣ ವೈದ್ಯರು ಬಂದರು.

ಇಲ್ಲೊಂದು ವಿಚಿತ್ರವನ್ನು ಗಮನಿಸಿ. ಹಾರ್ವರ್ಡ್ ವೈದ್ಯಕೀಯ ಶಾಲೆ ಹೆಣ್ಣುಮಕ್ಕಳಿಗೆ ಮೊದಲ ಬಾರಿಗೆ ಪ್ರವೇಶ ಕೊಟ್ಟಿದ್ದು 1945ರಲ್ಲಿ. ಅಂದರೆ ಫ್ರಾನ್ಸಿಸ್ ಲೀ ಪೀಠ ಕೊಟ್ಟಾಗಲೂ, ಪುಸ್ತಕ ಕೊಟ್ಟಾಗಲೂ, ಹಣ ಕೊಟ್ಟಾಗಲೂ ಅಲ್ಲಿ ವಿದ್ಯಾರ್ಥಿನಿಯಾಗಿ ಕೂರುವ ಹಕ್ಕು ಯಾವ ಹೆಣ್ಣಿಗೂ ಇರಲಿಲ್ಲ. ಹೆಣ್ಣಿನ ಹಣಕ್ಕೆ ಮುಂಬಾಗಿಲಲ್ಲಿ ಮರ್ಯಾದೆ, ಹೆಣ್ಣಿಗೆ ಮಾತ್ರ ಬಾಗಿಲಿಗೆ ಅಗಳಿ! ಆಕೆ ಅದಕ್ಕಾಗಿ ಕಾದು ಕೂರಲಿಲ್ಲ. ಶಾಸ್ತ್ರಗ್ರಂಥಗಳನ್ನು ತಾವೇ ಓದಿಕೊಂಡರು. ಬಲ್ಲವರನ್ನು ಕೇಳಿ ಕಲಿತರು.

ವೈದ್ಯರಿಗೆ ಪಾಠದ ವ್ಯವಸ್ಥೆಯಾಯಿತು. ಆದರೆ ಸಾವಿನ ಮನೆಗೆ ಮೊದಲು ಕಾಲಿಡುವವನು ಪೊಲೀಸಿನವನು. ಅವನಿಗೆ ನೋಡುವುದನ್ನು ಕಲಿಸುವುದು ಹೇಗೆ? ನಿಜವಾದ ಜಾಗಕ್ಕೆ ಮೂವತ್ತು ಜನರನ್ನು ಕರೆದೊಯ್ದು ಪಾಠ ಮಾಡಲಾಗುವುದಿಲ್ಲ. ಛಾಯಾಚಿತ್ರ ಒಂದೇ ಕೋನವನ್ನು ತೋರಿಸುತ್ತದೆ. ಆಗ ಆಕೆಗೆ ನೆನಪಾದದ್ದು ಬೊಂಬೆ.

1940ರ ದಶಕದಲ್ಲಿ, ನ್ಯೂ ಹ್ಯಾಂಪ್‌ಶೈರಿನ ತಮ್ಮ ಎಸ್ಟೇಟಿನಲ್ಲಿ, ರಾಲ್ಫ್ ಮೋಷರ್ ಎಂಬ ಬಡಗಿಯನ್ನು ಜೊತೆಗಿಟ್ಟುಕೊಂಡು ಆಕೆ ಪುಟ್ಟ ಪುಟ್ಟ ಮನೆಗಳನ್ನು ಕಟ್ಟಲು ತೊಡಗಿದರು. ನಿಜದ ಒಂದು ಅಡಿಗೆ ಇಲ್ಲಿ ಒಂದು ಅಂಗುಲ ಲೆಕ್ಕ. ಒಂದೊಂದು ಮನೆಯಲ್ಲೂ ಒಂದೊಂದು ಸಾವು. ನಿಜವಾಗಿ ನಡೆದ ಪ್ರಕರಣಗಳ ಆಧಾರದ ಮೇಲೆ, ಹೆಸರು ಊರು ಬದಲಿಸಿ ಮಾಡಿದವು. ಬಾಗಿಲಿಗೆ ತಿರುಗುವ ಬೀಗದ ಕೈ. ಕಿಟಕಿಗೆ ಎಳೆದರೆ ಇಳಿಯುವ ಪರದೆ. ಗೋಡೆಯಲ್ಲಿ ಆ ತಿಂಗಳಿನದೇ ಕ್ಯಾಲೆಂಡರು. ಅಡಿಗೆಮನೆಯ ಹಲಗೆಯ ಮೇಲೆ ಚೀಟಿ ಅಂಟಿಸಿದ ಡಬ್ಬಿಗಳು. ಬೊಂಬೆಗಳ ಕಾಲುಚೀಲಗಳನ್ನು ಗುಂಡುಸೂಜಿಯಷ್ಟು ಸಣ್ಣ ಕಡ್ಡಿಗಳಲ್ಲಿ ಆಕೆಯೇ ಹೆಣೆದರು. ಹೆಣ ಎಷ್ಟು ಹೊತ್ತಾದ ಮೇಲೆ ಯಾವ ಬಣ್ಣಕ್ಕೆ ತಿರುಗುತ್ತದೆ ಎಂಬುದನ್ನು ಬೊಂಬೆಯ ಮುಖದ ಮೇಲೆ ಕುಂಚದಿಂದ ತಂದರು. ಮನೆಯೊಂದಕ್ಕೆ ಸಾವಿರಾರು ಡಾಲರ್ ಖರ್ಚಾಗುತ್ತಿತ್ತು. ಇಡೀ ಸತ್ಯ ಒಂದು ಪುಟ್ಟ ಕಾಯಿಯ ಚಿಪ್ಪಿನೊಳಗೆ ಅಡಗಿರುತ್ತದೆ ಎಂಬರ್ಥದ ಹೆಸರನ್ನು ಈ ಬೊಂಬೆಮನೆಗಳಿಗೆ ಇಟ್ಟರು.

ಅವುಗಳಲ್ಲಿ ಒಂದು ಅಡಿಗೆಮನೆ. 1944ನೇ ಇಸವಿಯ ಸಾವು ಎಂದು ಅದರ ಕಾಗದ ಹೇಳುತ್ತದೆ. ಗೃಹಿಣಿ ನೆಲದ ಮೇಲೆ ಬಿದ್ದಿದ್ದಾಳೆ. ಗ್ಯಾಸ್ ಒಲೆ ತೆರೆದಿದೆ. ಬಾಗಿಲು ಒಳಗಿನಿಂದ ಹಾಕಿದೆ; ಸಂದುಗಳಲ್ಲಿ ವೃತ್ತಪತ್ರಿಕೆ ತುರುಕಿದೆ. ಪೇಟೆಗೆ ಹೋಗಿದ್ದೆ, ಬರುವಷ್ಟರಲ್ಲಿ ಹೀಗಾಗಿತ್ತು ಎಂದು ಗಂಡನ ಹೇಳಿಕೆ. ನೋಡಿದೊಡನೆ ಆತ್ಮಹತ್ಯೆ ಎಂದು ಬರೆದು ಮುಗಿಸಬಹುದು. ಆದರೆ ತೊಟ್ಟಿಯಲ್ಲಿ ಅರ್ಧ ಸಿಪ್ಪೆ ತೆಗೆದ ಆಲೂಗೆಡ್ಡೆಗಳಿವೆ. ಇಸ್ತ್ರಿಯ ಹಲಗೆ ನಿಂತಿದೆ. ರಾತ್ರಿಯ ಊಟಕ್ಕೆ ತಯಾರಿ ನಡೆದಿರುವ ಮನೆ ಅದು. ಆಲೂಗೆಡ್ಡೆಯ ಸಿಪ್ಪೆ ತೆಗೆಯುತ್ತಿದ್ದ ಹೆಂಗಸು, ಅದನ್ನು ಅರ್ಧಕ್ಕೇ ಬಿಟ್ಟು ಸಾಯಲು ಹೊರಡುತ್ತಾಳೆಯೇ? ಹೊರಡಲೂಬಹುದು, ಹೊರಡದೆಯೂ ಇರಬಹುದು. ಆದರೆ ಆ ಪ್ರಶ್ನೆ ಕೇಳಬೇಕೆಂದು ಹೊಳೆಯಬೇಕಾದರೆ ಅಡಿಗೆಮನೆಯ ಕೆಲಸ ಯಾವುದಾದ ಮೇಲೆ ಯಾವುದು ಎಂದು ತಿಳಿದಿರಬೇಕು. ಬೊಂಬೆಮನೆಗಳ ಮೃತರಲ್ಲಿ ಬಹುಪಾಲು ಹೆಂಗಸರು. ಸತ್ತದ್ದೂ ಹೆಚ್ಚಾಗಿ ಮನೆಯೊಳಗೇ. ಶ್ರೀಮಂತ ಮನೆಯ ಈ ಹೆಣ್ಣುಮಗಳು ಪಾಠಕ್ಕೆ ಆರಿಸಿಕೊಂಡದ್ದು ಬಾಡಿಗೆ ಕೋಣೆಗಳವರು, ಕೂಲಿಯವರು, ಕುಡುಕರು, ವೇಶ್ಯೆಯರು, ಬಡ ಗೃಹಿಣಿಯರು, ಅಂದರೆ ಯಾರ ಸಾವನ್ನು ಬೇಗ ಬರೆದು ಮುಗಿಸುತ್ತಾರೋ ಅಂಥವರನ್ನು.

1945ರಿಂದ ಹಾರ್ವರ್ಡಿನಲ್ಲಿ ಪೊಲೀಸ್ ಅಧಿಕಾರಿಗಳಿಗೆ ವಾರದ ಶಿಬಿರಗಳು ಶುರುವಾದವು. ಒಬ್ಬೊಬ್ಬರಿಗೂ ಬೊಂಬೆಮನೆಗಳನ್ನು ಹಂಚಿ, ಜೊತೆಗೆ ಸಾಕ್ಷಿಗಳ ಹೇಳಿಕೆಯ ಕಾಗದ, ಒಂದು ಟಾರ್ಚು, ಒಂದು ಭೂತಗನ್ನಡಿ ಕೊಡುತ್ತಿದ್ದರು. ಒಂದೂವರೆ ಗಂಟೆ ಹೊತ್ತು ನೋಡಬೇಕು. ನೋಡುವುದಕ್ಕೂ ಒಂದು ಕ್ರಮ. ಬಾಗಿಲ ಎಡಗಡೆಯಿಂದ ಹೊರಟು ಪ್ರದಕ್ಷಿಣೆಯಂತೆ ಗೋಡೆಗುಂಟ ಸುತ್ತುತ್ತ, ಕೊನೆಗೆ ನಡುಮನೆಯ ಹೆಣದ ಹತ್ತಿರ ಬರಬೇಕು. ಮೊದಲೇ ಹೆಣವನ್ನು ನೋಡಿದವನು ಉಳಿದದ್ದನ್ನು ನೋಡುವುದೇ ಇಲ್ಲ. ಕಾಗದದಲ್ಲಿರುವ ಹೇಳಿಕೆ ನಿಜವೇ ಇರಬೇಕೆಂದೂ ಇಲ್ಲ. ಕೊಲೆಗಾರ ಯಾರು ಎಂದು ಥಟ್ಟನೆ ಹೇಳುವವನಿಗೆ ಅಲ್ಲಿ ಬೆಲೆಯಿರಲಿಲ್ಲ. ಏನು ಕಂಡಿತು, ಅದರಿಂದ ಏನು ಹೇಳಬಹುದು, ಏನು ಹೇಳಬಾರದು ಎಂದು ಬಿಡಿಸಿ ಒಪ್ಪಿಸುವವನಿಗೆ ಬೆಲೆ. ಅಪರಾಧಿಯನ್ನು ಹಿಡಿಯುವುದು ಎಷ್ಟು ಮುಖ್ಯವೋ ನಿರಪರಾಧಿಯನ್ನು ಬಿಡಿಸುವುದೂ ಅಷ್ಟೇ ಮುಖ್ಯವೆಂದು ಆಕೆ ನಂಬಿದ್ದರು.

ಶಿಬಿರ ಮುಗಿದ ಮೇಲೆ ಅಧಿಕಾರಿಗಳಿಗೆ ಬಾಸ್ಟನ್ನಿನ ದೊಡ್ಡ ಹೋಟೆಲಿನಲ್ಲಿ ಔತಣ. ಊಟದ ಮೇಜಿನ ಹೂವು ತಟ್ಟೆಗಳ ತನಕ ಆಕೆಯದೇ ಮೇಲ್ವಿಚಾರಣೆ. ಅತಿಥಿ ಸತ್ಕಾರ ಕಲಿಸಿದ ಮನೆಯ ಮಗಳಲ್ಲವೇ! ಗಡಸು ಪೊಲೀಸರು ಆ ಮೇಜಿನ ಮುಂದೆ ಮೆತ್ತಗೆ ಕುಳಿತು, ಆಕೆಯ ಮಾತನ್ನು ಗೌರವದಿಂದ ಕೇಳುತ್ತಿದ್ದರು. 1943ರಲ್ಲಿ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಪೊಲೀಸ್ ಇಲಾಖೆ ಆಕೆಗೆ ಕ್ಯಾಪ್ಟನ್ ಪದವಿ ಕೊಟ್ಟಿತು. ಆಗ ವಯಸ್ಸು ಅರವತ್ತೈದು. ಪತ್ತೇದಾರಿ ಕಾದಂಬರಿಗಳ ಅರ್ಲ್ ಸ್ಟ್ಯಾನ್ಲಿ ಗಾರ್ಡನರ್ ಶಿಬಿರಕ್ಕೆ ಬಂದು ಹೋದವರು. 1949ರಲ್ಲಿ ಪ್ರಕಟವಾದ ತಮ್ಮ ಕಾದಂಬರಿಯೊಂದನ್ನು ಆಕೆಗೆ ಅರ್ಪಿಸಿದರು.

ಫ್ರಾನ್ಸಿಸ್ ಲೀ 1962ರಲ್ಲಿ ತೀರಿಕೊಂಡರು. ಐದು ವರ್ಷಗಳಲ್ಲಿ, 1967ರ ಹೊತ್ತಿಗೆ, ಹಾರ್ವರ್ಡ್ ಆ ವಿಭಾಗವನ್ನೇ ಮುಚ್ಚಿತು. ಒಬ್ಬರ ಆಸ್ಥೆಯ ಮೇಲೆ ನಿಂತ ಸಂಸ್ಥೆಗಳ ಹಣೆಬರಹ ಹಲವು ಸಲ ಹೀಗೆಯೇ. ಆದರೆ ಅಲ್ಲಿ ಕಲಿತ ವೈದ್ಯರು ಬೇರೆ ಬೇರೆ ಊರುಗಳಲ್ಲಿದ್ದರು. ಅವರಲ್ಲೊಬ್ಬರಾದ ರಸೆಲ್ ಫಿಷರ್ ಬಾಲ್ಟಿಮೋರ್ ನಗರದ ತಮ್ಮ ಕಚೇರಿಗೆ ಬೊಂಬೆಮನೆಗಳನ್ನು ತರಿಸಿಕೊಂಡರು. ಹದಿನೆಂಟು ಬೊಂಬೆಮನೆಗಳು ಅಲ್ಲಿವೆ. ಶಿಬಿರವೂ ಆಕೆಯ ಹೆಸರಿನಲ್ಲಿ ಮುಂದುವರಿದಿದೆ. 2017ರ ಅಕ್ಟೋಬರಿನಿಂದ 2018ರ ಜನವರಿಯವರೆಗೆ ಅವುಗಳನ್ನು ವಾಷಿಂಗ್ಟನ್ನಿನ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನಕ್ಕಿಟ್ಟಿದ್ದರು. ಆದರೆ ಪ್ರಕರಣಗಳ ಉತ್ತರ ಮಾತ್ರ ಗುಟ್ಟು. ಪಾಠಕ್ಕೆ ಇನ್ನೂ ಬೇಕಲ್ಲ!

ಈ ಚರಿತ್ರೆಯನ್ನು ಓದುತ್ತಿದ್ದಾಗ ಆ ಬೊಂಬೆಯ ಅಡಿಗೆಮನೆಯ ಹತ್ತಿರ ನಾನು ಬಹಳ ಹೊತ್ತು ನಿಂತೆ. ನಮ್ಮ ಬೀದಿಯ ಒಂದು ಅಡಿಗೆಮನೆ ನೆನಪಾಯಿತು. 1980ರ ದಶಕದ ಮೊದಲ ವರ್ಷಗಳು. ನಾನು ಆಗಷ್ಟೇ ಕೆಲಸಕ್ಕೆ ಸೇರಿದ್ದೆ. ಮದುವೆಯಾಗಿ ವರ್ಷ ತುಂಬದ ಹುಡುಗಿಯೊಬ್ಬಳು ಸುಟ್ಟುಕೊಂಡು ಸತ್ತಳು. ಸೀಮೆಎಣ್ಣೆ ಸ್ಟೌವ್ ಸಿಡಿಯಿತು ಎಂದರು. ಆ ಕಾಲದ ಪತ್ರಿಕೆಗಳನ್ನು ಓದಿದವರಿಗೆ ಈ ವಾಕ್ಯ ಬಾಯಿಪಾಠ. "ಸ್ಟೌವ್ ಸಿಡಿದು ಗೃಹಿಣಿ ಸಾವು", "ಹೊಟ್ಟೆನೋವು ತಾಳಲಾರದೆ ಆತ್ಮಹತ್ಯೆ", ಎರಡೇ ಸಾಲು, ಒಳಪುಟದ ಮೂಲೆಯಲ್ಲಿ.

ನೋಡಲು ಹೋಗಿದ್ದ ನಮ್ಮಮ್ಮ ಮನೆಗೆ ಬಂದು ತಲೆಗೆ ಸ್ನಾನ ಮಾಡಿ, ಜಗಲಿಯಲ್ಲಿ ಕುಳಿತು ಎರಡು ಮಾತು ಹೇಳಿದರು. "ಗಂಡಸರೆಲ್ಲ ಉಂಡು ಒಂಬತ್ತಕ್ಕೇ ಹೊರಟಿದ್ದರಂತೆ. ಅಡಿಗೆ ಆಗಿತ್ತು, ಪಾತ್ರೆ ಬೆಳಗಿ ಆಗಿತ್ತು. ಹತ್ತೂವರೆಗೆ ಸ್ಟೌವ್ ಯಾತಕ್ಕೆ ಹಚ್ಚಿದಳು?" ಸ್ವಲ್ಪ ಹೊತ್ತಿನ ಮೇಲೆ ಮತ್ತೆ, "ಸಿಡಿದ ಸ್ಟೌವ್ ಪಕ್ಕದ ಗೋಡೆಗೆ ಮಸಿ ಹಿಡಿಸಲಿಲ್ಲವಲ್ಲ" ಎಂದರು. ಅಷ್ಟು ಹೊತ್ತಿಗೆ ಅಡಿಗೆಮನೆಯನ್ನು ತೊಳೆದು ಸಾರಿಸಿಯಾಗಿತ್ತು. ಮಹಜರು ಬರೆದವರು ನಮ್ಮಮ್ಮನನ್ನು ಕೇಳಲಿಲ್ಲ. ಪಂಚರೆಂದು ಸಹಿ ಹಾಕಿದ ಇಬ್ಬರು ಗಂಡಸರು ಆ ಅಡಿಗೆಮನೆಯೊಳಗೆ ಕಾಲಿಟ್ಟದ್ದೇ ಅಂದು ಮೊದಲು.

ನಮ್ಮಮ್ಮ ಯಾರನ್ನೂ ಕೊಲೆಗಾರರೆನ್ನಲಿಲ್ಲ. ಪ್ರಶ್ನೆ ಕೇಳಿದರು, ಅಷ್ಟೇ. ಆ ಪ್ರಶ್ನೆ ಯಾವ ಕಾಗದವನ್ನೂ ಸೇರಲಿಲ್ಲ. ಅತ್ತೆ ಮಾವ ನಿರಪರಾಧಿಗಳೇ ಆಗಿದ್ದಿರಬಹುದು. ಹಾಗಿದ್ದರೆ ಆ ತೊಳೆದ ನೆಲ ಅವರಿಗೂ ಅನ್ಯಾಯವನ್ನೇ ಮಾಡಿತು. ಬೀದಿಯ ಅನುಮಾನ ಸಾಯುವವರೆಗೂ ಅವರ ಬೆನ್ನು ಬಿಡಲಿಲ್ಲ. ಹುಡುಗಿಯ ತಾಯಿಗೆ ಮಗಳು ಹೇಗೆ ಸತ್ತಳೆಂಬುದು ಕೊನೆಗೂ ತಿಳಿಯಲಿಲ್ಲ. ಅಂದು ಕೇಳಬೇಕಾಗಿದ್ದ ಪ್ರಶ್ನೆಗಳಿಗೆ ಉತ್ತರ ಕೊಡುವ ವಿದ್ಯೆ ಆಗಲೇ ಇತ್ತು. ಬೆಂಕಿ ಹತ್ತಿದಾಗ ಜೀವವಿತ್ತೇ ಎಂಬುದನ್ನು ಶ್ವಾಸನಾಳದೊಳಗಿನ ಮಸಿ ಹೇಳುತ್ತದೆ, ರಕ್ತದಲ್ಲಿ ಸೇರಿದ ಕಾರ್ಬನ್ ಮಾನಾಕ್ಸೈಡ್ ಹೇಳುತ್ತದೆ. ಸೀಮೆಎಣ್ಣೆ ಎಲ್ಲಿ ಚೆಲ್ಲಿತ್ತು ಎಂಬುದನ್ನು ಬಟ್ಟೆಯ ಚೂರು ಹೇಳುತ್ತದೆ. ಆದರೆ ಚೂರನ್ನು ಎತ್ತಿಟ್ಟಿರಬೇಕು. ನೆಲವನ್ನು ತೊಳೆಯದೆ ಬಿಟ್ಟಿರಬೇಕು.

ಅಂಥ ಸಾವುಗಳ ಬೆನ್ನಿಗೇ, ಮಹಿಳಾ ಸಂಘಟನೆಗಳು ಬೀದಿಗಿಳಿದ ಮೇಲೆ, ಕಾನೂನು ಬದಲಾಯಿತು. 1983ರ ತಿದ್ದುಪಡಿ ಗಂಡನ ಮನೆಯವರ ಕ್ರೌರ್ಯವನ್ನು ಅಪರಾಧವೆಂದಿತು. ಮದುವೆಯಾಗಿ ಏಳು ವರ್ಷದೊಳಗೆ ಅನುಮಾನಾಸ್ಪದವಾಗಿ ಸತ್ತ ಹೆಣ್ಣಿನ ಶವಪರೀಕ್ಷೆ ಆಗಬೇಕೆಂದಿತು. 1986ರಲ್ಲಿ ವರದಕ್ಷಿಣೆ ಸಾವು ಎಂ‌ಬುದು ದಂಡಸಂಹಿತೆಯಲ್ಲಿ ಪ್ರತ್ಯೇಕ ಅಪರಾಧವಾಯಿತು. 2024ರ ಜುಲೈ 1ರಂದು ಜಾರಿಗೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆ ಇನ್ನೊಂದು ಹೆಜ್ಜೆ ಮುಂದಿಟ್ಟಿದೆ. ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯಿರುವ ಅಪರಾಧಗಳಲ್ಲಿ ವಿಧಿವಿಜ್ಞಾನದ ತಜ್ಞರು ಕೃತ್ಯದ ಜಾಗಕ್ಕೇ ಹೋಗಿ ಸಾಕ್ಷ್ಯ ಸಂಗ್ರಹಿಸಬೇಕು ಎನ್ನುತ್ತದೆ ಅದು. ಇದನ್ನು ಅಣಿಗೊಳಿಸಿಕೊಳ್ಳಲು ರಾಜ್ಯಗಳಿಗೆ ಐದು ವರ್ಷದ ಅವಕಾಶವಿದೆ. ಹಾಗಾದರೆ ಅಷ್ಟೊಂದು ತಜ್ಞರು ಎಲ್ಲಿಂದ ಬರಬೇಕು? ಓದಿದ ಮಕ್ಕಳಿಂದಲೇ ಬರಬೇಕು.

ಈ ಓದು ನಮ್ಮ ದೇಶಕ್ಕೆ ಪರಕೀಯವೂ ಅಲ್ಲ. ಮದರಾಸಿನಲ್ಲಿ ವಿಷ ಪರೀಕ್ಷೆಗೆಂದು ಸರ್ಕಾರಿ ರಸಾಯನ ಪ್ರಯೋಗಾಲಯ ಸ್ಥಾಪನೆಯಾದದ್ದು 1849ರಲ್ಲಿ. ಬೆರಳಚ್ಚಿನ ಜಗತ್ತಿನ ಮೊದಲ ಕಚೇರಿ 1897ರಲ್ಲಿ ತೆರೆದದ್ದು ಕಲ್ಕತ್ತೆಯಲ್ಲಿ. ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಅದರ ಲೆಕ್ಕಾಚಾರ ಕಟ್ಟಿಕೊಟ್ಟವರು. ವಿಧಿವಿಜ್ಞಾನದ ಮೊದಲ ರಾಜ್ಯ ಪ್ರಯೋಗಾಲಯ 1952ರಲ್ಲಿ ಅದೇ ಕಲ್ಕತ್ತೆಯಲ್ಲಿ ಆಯಿತು. ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನಗಳಿಗೆ ವಿಭಾಗವನ್ನು ಮೊದಲು ತೆರೆದದ್ದು ಮಧ್ಯಪ್ರದೇಶದ ಸಾಗರ ವಿಶ್ವವಿದ್ಯಾಲಯ, 1959ರಲ್ಲಿ. ನಮ್ಮಲ್ಲೂ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ, ಮಂಗಳೂರಿನ ರೋಶನಿ ನಿಲಯದಲ್ಲಿ ಈ ವಿಷಯ ಕಲಿಸುತ್ತಾರೆ. 2020ರಲ್ಲಿ ರಾಷ್ಟ್ರೀಯ ವಿಶ್ವವಿದ್ಯಾಲಯವೊಂದು ಗಾಂಧಿನಗರದಲ್ಲಿ ಇದಕ್ಕೆಂದೇ ರೂಪುಗೊಂಡಿತು. ಧಾರವಾಡದಲ್ಲಿ ಅದರ ಕ್ಯಾಂಪಸ್ಸಿಗೆ 2023ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು. ಹೆಣ್ಣುಮಕ್ಕಳೂ ಹಿಂದೆ ಬಿದ್ದಿಲ್ಲ. 1970ರ ದಶಕದಲ್ಲಿ ಮುಂಬಯಿಯ ಪ್ರಯೋಗಾಲಯ ಸೇರಿದ ರುಕ್ಮಿಣಿ ಕೃಷ್ಣಮೂರ್ತಿಯವರು ಮುಂದೆ ಅದರ ನಿರ್ದೇಶಕರೇ ಆದರು.

ನಮ್ಮ ಹುಡುಗಿ ಈಗ ಎರಡನೆಯ ವರ್ಷದಲ್ಲಿದ್ದಾಳೆ. ರಜೆಗೆ ಬಂದಾಗ ಅವಳು ಹೇಳುವುದನ್ನು ಕೇಳುತ್ತಿದ್ದರೆ ನನಗೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ. ಕೃತ್ಯದ ಜಾಗದಲ್ಲಿ ಮೊದಲು ಕೈ ಜೇಬಿನಲ್ಲಿರಬೇಕಂತೆ, ಏನನ್ನೂ ಮುಟ್ಟಬಾರದೆಂದು. ಆಮೇಲೆ ಫೋಟೋ, ಆಮೇಲೆ ನಕಾಶೆ, ಆಮೇಲೆ ಪೊಟ್ಟಣ. ರಕ್ತದ ಬಟ್ಟೆಯನ್ನು ನೆರಳಿನಲ್ಲಿ ಒಣಗಿಸಿ ಕಾಗದದಲ್ಲಿ ಕಟ್ಟಬೇಕು. ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ಕೊಳೆಯುತ್ತದೆ. ವಿಷ ಪರೀಕ್ಷೆಗೆ ಕಳಿಸುವ ಅಂಗಗಳನ್ನು ಗಾಢವಾದ ಉಪ್ಪಿನ ನೀರಿನಲ್ಲಿಡುತ್ತಾರೆ. ಪೊಟ್ಟಣಕ್ಕೆ ಅರಗಿನ ಮುದ್ರೆ. ಅದು ಯಾರ ಕೈಯಿಂದ ಯಾರ ಕೈಗೆ ಹೋಯಿತೆಂದು ಪ್ರತಿ ಹಂತದಲ್ಲೂ ಸಹಿ. ಒಂದು ಸಹಿ ತಪ್ಪಿದರೆ, ಎಷ್ಟೇ ದೊಡ್ಡ ಪುರಾವೆಯಾಗಲಿ, ಕೋರ್ಟಿನಲ್ಲಿ ಬಿದ್ದುಹೋಗಬಹುದು. ಒಂದು ದಿನ ಇದನ್ನೆಲ್ಲ ಕೇಳುತ್ತ ಕುಳಿತಿದ್ದ ಅವಳ ಸೋದರತ್ತೆ, "ಬಟ್ಟೆ ನೆರಳಲ್ಲಿ ಒಣಗಿಸೋದು, ಕಾಗದದಲ್ಲಿ ಸುತ್ತೋದು, ಉಪ್ಪುನೀರಲ್ಲಿ ಹಾಕೋದು! ಇದನ್ನ ಕಲಿಯೋಕೆ ಎಂ.ಎಸ್ಸಿ. ಬೇಕೇನೆ?" ಎಂದರು. ಎಲ್ಲರೂ ನಕ್ಕೆವು. ಹುಡುಗಿ ಮಾತ್ರ ನಗಲಿಲ್ಲ. "ಬೇಕು ಅತ್ತೆ. ಇದನ್ನೇ ನೀವು ಹೇಳಿದರೆ ಕೋರ್ಟು ಕೇಳೋದಿಲ್ಲ. ನಾನು ಹೇಳಿದರೆ ಕೇಳಬೇಕಾಗುತ್ತೆ" ಎಂದಳು.

ನಿಮ್ಮ ಮನೆಯ ಹುಡುಗಿಯೂ ನಾಳೆ ಇಂಥ ಅರ್ಜಿಯೊಂದನ್ನು ತಂದು ಮುಂದಿಡಬಹುದು. ಆಗ ಕೇಳಬೇಕಾದ ಪ್ರಶ್ನೆಗಳು ಬೇಕಾದಷ್ಟಿವೆ. ಬಿ.ಎಸ್ಸಿ.ಯಲ್ಲಿ ಯಾವ ವಿಷಯಗಳಿರಬೇಕು, ಪ್ರಯೋಗಾಲಯ ಹೇಗಿದೆ, ಹಾಸ್ಟೆಲು ಎಷ್ಟು ದೂರ, ಓದು ಮುಗಿದ ಮೇಲೆ ನೇಮಕಾತಿ ಹೇಗೆ. ಇವನ್ನೆಲ್ಲ ಕೇಳಿ, ಚೆನ್ನಾಗಿ ವಿಚಾರಿಸಿ. ಮನೆ ತುಂಬಿಸಿಕೊಳ್ಳುವವರ ಮಾತು ಆಮೇಲೆ ನೋಡೋಣ.